ನಲವತ್ತೊಂದನೇ ಪ್ಲೇಟು

ಮುನಿಲಕ್ಷ್ಮಮ್ಮನ ಬಗ್ಗೆ ಬರೆಯಲು ಕೂತಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ, ಆಕೆಯನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ನಿನ್ನೆ ಮೊನ್ನೆಯದಲ್ಲ, ಒಂಬತ್ತು ವರ್ಷದ ಹಳೆಯ ಕಿಚ್ಚು. ಬಾಯಿಬಿಟ್ಟು ಹೇಳಲು ನಾಚಿಕೆಯಾಗುತ್ತದೆ, ಆದರೆ ಅದನ್ನು ಮುಚ್ಚಿಟ್ಟರೆ ಈ ಕತೆ ಹೇಳುವುದೇ ದಂಡ.

ನಾನು ವಾರಿಜಾ. ಮೈಕ್ರೋಬಯಾಲಜಿಯಲ್ಲಿ ಎಂ.ಎಸ್ಸಿ., ಅದೂ ರ‍್ಯಾಂಕು. ಜೆ.ಪಿ. ನಗರದ ಒಂದು ಖಾಸಗಿ ಆಹಾರ ಪರೀಕ್ಷಾ ಲ್ಯಾಬಿನಲ್ಲಿ ಇಪ್ಪತ್ತೆರಡು ವರ್ಷದಿಂದ ಇದ್ದೇನೆ. ಹೋಟೆಲಿನ ಚಟ್ನಿ, ಬೇಕರಿಯ ಕ್ರೀಮು, ಕೋಳಿ, ಮೊಟ್ಟೆ, ಸೊಪ್ಪು, ಏನೇ ಬರಲಿ, ಅದರಲ್ಲಿ ಜನರ ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾ ಇದೆಯೇ ಎಂದು ಹುಡುಕುವುದು ನಮ್ಮ ಕೆಲಸ. ಅದರಲ್ಲೂ ಸಾಲ್ಮೊನೆಲ್ಲ ಎಂದರೆ ನನ್ನ ವಿಷಯ. ಮುನಿಲಕ್ಷ್ಮಮ್ಮ ಇರುವುದು ಮೀಡಿಯಾ ರೂಮಿನಲ್ಲಿ. ಅದು ಬ್ಯಾಕ್ಟೀರಿಯಾಕ್ಕೆ ಊಟ ಬೇಯಿಸುವ ಅಡುಗೆಮನೆ ಅಂದುಕೊಳ್ಳಿ. ಅಗಾರ್ ಎಂಬ ಕೆಂಪು ಗಂಜಿ ಕಾಯಿಸಿ ಅಂಗೈಯಗಲದ ಪ್ಲೇಟುಗಳಿಗೆ ಸುರಿಯುವುದು, ಟ್ಯೂಬು ತೊಳೆಯುವುದು, ನಾವು ನೋಡಿ ಬಿಸಾಡಿದ ಪ್ಲೇಟುಗಳನ್ನು ಆಟೋಕ್ಲೇವಿನಲ್ಲಿಟ್ಟು ಕ್ರಿಮಿ ಸಾಯುವಂತೆ ಬೇಯಿಸುವುದು ಆಕೆಯ ಕೆಲಸ. ಆಟೋಕ್ಲೇವನ್ನು ಆಕೆ ಕರೆಯುವುದು ‘ದೊಡ್ಡ ಕುಕ್ಕರ್’ ಎಂದು. ಓದಿದ್ದು ಏಳನೇ ಕ್ಲಾಸು.

ಇಂಥ ಹೆಂಗಸಿನ ಮೇಲೆ ನನಗೇಕೆ ಹೊಟ್ಟೆಯುರಿ? ಕಣ್ಣು ಸ್ವಾಮೀ, ಆ ಕಣ್ಣು! ಕೆಂಪು ಪ್ಲೇಟಿನ ಮೇಲೆ ಸಾಲ್ಮೊನೆಲ್ಲ ಬೆಳೆದರೆ ಕೆಂಪು ಚುಕ್ಕೆಯ ನಡುವೆ ಒಂದು ಕಪ್ಪು ಬೊಟ್ಟು ಮೂಡುತ್ತದೆ. ಹಾಗೇ ಕಪ್ಪಾಗಿ ಮೋಸ ಮಾಡುವ ಬೇರೆ ಬ್ಯಾಕ್ಟೀರಿಯಾಗಳೂ ಇವೆ. ನಾವು ಪುಸ್ತಕ ತೆಗೆದು, ಇನ್ನೊಂದು ಟೆಸ್ಟ್ ಹಾಕಿ ಒದ್ದಾಡುತ್ತಿದ್ದರೆ ಆಕೆ ಪ್ಲೇಟನ್ನು ಕಿಟಕಿಯ ಬೆಳಕಿಗೆ ಹಿಡಿದು, “ಇದು ಅದಲ್ಲ ಮೇಡಂ. ಸುತ್ತ ಹಳದಿ ಐತೆ ನೋಡಿ” ಎನ್ನುತ್ತಿದ್ದಳು. ಎರಡು ದಿನ ಬಿಟ್ಟು ಟೆಸ್ಟಿನ ಫಲ ಬಂದರೆ ಆಕೆ ಹೇಳಿದ್ದೇ ಸರಿಯಾಗಿರುತ್ತಿತ್ತು. ನಮ್ಮ ಡೈರೆಕ್ಟರ್ ಚಕ್ರಪಾಣಿ ಸರ್ ಅಂತೂ ನನ್ನ ರಿಪೋರ್ಟಿಗೆ ಸಹಿ ಹಾಕುವ ಮುಂಚೆ ಕನ್ನಡಕ ಕೆಳಗಿಳಿಸಿ ಕೇಳುತ್ತಿದ್ದರು: “ಮುನಿಲಕ್ಷ್ಮಮ್ಮಂಗೆ ತೋರಿಸಿದ್ರಾ?”

ನನ್ನ ರ‍್ಯಾಂಕಿನ ಕತೆ ಕೇಳಿ! ಪಾತ್ರೆ ತೊಳೆಯುವವಳ ಅಪ್ಪಣೆ ಬೇಕು ನನ್ನ ರಿಪೋರ್ಟಿಗೆ!

ಸಾಲದೆಂಬಂತೆ ಆಕೆ ಮನೆ ಓನರ್ ಬೇರೆ. ಬೇಗೂರಿನ ಕಡೆ ಮೊದಲು ಸೊಪ್ಪು ಬೆಳೆಯುತ್ತಿದ್ದ ಜಮೀನಿನಲ್ಲಿ ಈಗ ಆಕೆಯದೇ ಮೂರು ಮಹಡಿ ಕಟ್ಟಡ, ತುಂಬ ಬಾಡಿಗೆದಾರರು. ನಾನೋ ಕುಮಾರಸ್ವಾಮಿ ಲೇಔಟಿನ ಎರಡನೇ ಮಹಡಿಯಲ್ಲಿ ಬಾಡಿಗೆಗೆ ಇರುವವಳು. ಆಕೆ ಸ್ಕೂಟಿಯಲ್ಲಿ ಬರ್ರೆಂದು ಬಂದಿಳಿಯುವಾಗ ನಾನು ಬಸ್ಸಿನಿಂದಿಳಿದು ಸೆರಗು ಸರಿಮಾಡಿಕೊಳ್ಳುತ್ತಿರುತ್ತೇನೆ. ಮತ್ಯಾಕೆ ಕೆಲಸಕ್ಕೆ ಬರ್ತೀರಿ ಎಂದು ಒಮ್ಮೆ ಕೇಳಿಯೇಬಿಟ್ಟಿದ್ದೆ. “ಮನೇಲಿ ಕೂತ್ರೆ ತಲೆ ಕೆಟ್ಟೋಗ್ತದೆ ಮೇಡಂ” ಎಂದು ನಕ್ಕಿದ್ದಳು. ಅದು ಅರ್ಧ ಉತ್ತರ. ಉಳಿದರ್ಧ ನನಗೆ ಗೊತ್ತಿತ್ತು, ಏಕೆಂದರೆ ಆಕೆಗೆ ಮೊದಲ ಪ್ಲೇಟು ತೋರಿಸಿದವಳೇ ನಾನು.

ಒಂಬತ್ತು ವರ್ಷದ ಹಿಂದೆ ಆಕೆಯ ಮಗ ದಿನೇಶನ ಮದುವೆಯಾಗಿ ಬೀಗರ ಊಟ ನಡೆಯಿತು. ಕೋಳಿ ಸಾರು ಮಾಡಿದ್ದು ಮುನಿಲಕ್ಷ್ಮಮ್ಮನೇ. ಅಡುಗೆಯವರು ಬೇಡ, ನನ್ನ ಕೈಯಡುಗೆಯೇ ಆಗಬೇಕು ಎಂದು ಹಟ ಮಾಡಿದ್ದಳಂತೆ. ಮಾರನೇ ದಿನ ನಲವತ್ತು ಜನ ವಾಂತಿ, ಭೇದಿ, ಜ್ವರ ಎಂದು ಆಸ್ಪತ್ರೆ ಸೇರಿದರು. ಬೀಗರು ಯಾರೋ ಮಾಟ ಮಾಡಿಸಿದ್ದಾರೆ ಎಂದರು. ಈಕೆಯ ಕಡೆಯವರು ಕಣ್ಣುಬಿದ್ದಿದೆ ಎಂದು ಕುಂಬಳಕಾಯಿ ಒಡೆದರು. ಈಕೆ ಮಾತ್ರ ಉಳಿದ ಊಟವನ್ನು ಡಬ್ಬಿಗಳಿಗೆ ತುಂಬಿಕೊಂಡು ಯಾರನ್ನೋ ಕೇಳಿಕೊಂಡು ನಮ್ಮ ಲ್ಯಾಬಿಗೆ ಬಂದಳು.

ಸಾರಿನಲ್ಲಿ ಏನೂ ಇರಲಿಲ್ಲ, ಚೆನ್ನಾಗಿ ಕುದಿದಿತ್ತು. ಜೊತೆಗೆ ನೆಂಚಿಕೊಳ್ಳಲು ಹೆಚ್ಚಿದ್ದ ಸೌತೆಕಾಯಿ, ಈರುಳ್ಳಿಯಲ್ಲಿ ಸಾಲ್ಮೊನೆಲ್ಲ ಮುತ್ತಿಕೊಂಡಿತ್ತು. ಹಸಿ ಕೋಳಿ ಕೊಚ್ಚಿದ ಮಣೆಯ ಮೇಲೇ ಸೌತೆಕಾಯಿ ಹೆಚ್ಚಿದ್ದಳು. ಪ್ಲೇಟು ತೋರಿಸಿ ವಿವರಿಸಿದೆ. ಆ ಕಪ್ಪು ಬೊಟ್ಟುಗಳನ್ನು ತುಂಬ ಹೊತ್ತು ದಿಟ್ಟಿಸಿ ನೋಡಿ ಕೇಳಿದಳು: “ಹಂಗಾದ್ರೆ ನನ್ನ ಕೈಯಿಂದ್ಲೇ ಆಯ್ತಾ ಮೇಡಂ?”

“ಹೌದು, ನಿಮ್ಮ ಕೈಯಿಂದಲೇ” ಎಂದೆ. ನನಗೆ ಊಟದ ಹೊತ್ತು ಮೀರಿತ್ತು.

ಆಮೇಲೆ ಆಕೆ ಬೀಗರ ಮನೆಗೆ, ನೆಂಟರಿಷ್ಟರ ಮನೆಮನೆಗೆ ನಡೆದು ಹೋಗಿ, ಮಾಟವೂ ಅಲ್ಲ ಮಣ್ಣೂ ಅಲ್ಲ, ತಪ್ಪು ನನ್ನದು ಎಂದು ಹೇಳಿ ಬಂದಳಂತೆ. ಕೆಲವರು ಬಾಗಿಲಲ್ಲೇ ಬೈದು ಕಳಿಸಿದರಂತೆ. ಎರಡು ತಿಂಗಳು ಬಿಟ್ಟು ಲ್ಯಾಬಿಗೆ ಬಂದು ಕೆಲಸ ಕೇಳಿದಳು. ಅವತ್ತಿನಿಂದ ಯಾವ ಪ್ಲೇಟನ್ನೂ ಕಣ್ಣಿಟ್ಟು ನೋಡದೆ ಆಕೆ ಕುಕ್ಕರಿಗೆ ಹಾಕಿದ್ದಿಲ್ಲ.

ಈ ವರ್ಷದ ಸಂಕ್ರಾಂತಿಗೆ ಬರುತ್ತೇನೆ. ಚಕ್ರಪಾಣಿ ಸರ್ ಮಾರ್ಚಿಗೆ ನಿವೃತ್ತಿ. ಅವರ ಕುರ್ಚಿ ನನಗೆ ಸಿಗಬೇಕಿತ್ತು. ಇಪ್ಪತ್ತೆರಡು ವರ್ಷ ಕಾದಿದ್ದು ಅದಕ್ಕೇ. ಅದಕ್ಕೆ ಬಲ ಕೊಡಲೆಂದು ಒಂದು ಸಂಶೋಧನೆ ಎತ್ತಿಕೊಂಡಿದ್ದೆ. ಎಳ್ಳು, ಕಡಲೆಕಾಯಿ ಬೀಜ, ಕೊಬ್ಬರಿಯಂಥ ಒಣ ಪದಾರ್ಥದಲ್ಲಿ ಸಾಲ್ಮೊನೆಲ್ಲ ಬೆಳೆಯುವುದಿಲ್ಲ, ಆದರೆ ಸಾಯುವುದೂ ಇಲ್ಲ. ಸುಮ್ಮನೆ ಮಲಗಿದ್ದು ಹೊಟ್ಟೆಗೆ ಹೋದ ಮೇಲೆ ಎದ್ದು ಕೂರುತ್ತದೆ. ಅಂಗಡಿಗಳಲ್ಲಿ ಪ್ಯಾಕೆಟ್ಟಿನಲ್ಲಿ ಮಾರುವ ಎಳ್ಳುಬೆಲ್ಲ ಎಷ್ಟು ಸುರಕ್ಷಿತ? ಜಯನಗರ, ಬನಶಂಕರಿ, ಬಿ.ಟಿ.ಎಂ.ಗಳಿಂದ ನಲವತ್ತು ಸ್ಯಾಂಪಲ್ ತಂದೆ. ಹೋಲಿಸಿ ನೋಡಲು ನಲವತ್ತೊಂದನೆಯದಾಗಿ ನಮ್ಮ ಮನೆಯ ಎಳ್ಳುಬೆಲ್ಲವನ್ನೇ ಇಟ್ಟೆ.

ನಮ್ಮ ಮನೆಯದು ಎಂದರೆ ಸುಮ್ಮನೆಯೇ! ನಮ್ಮತ್ತೆ ಲಕ್ಷ್ಮಿದೇವಮ್ಮ ಸ್ನಾನ ಮಾಡಿ, ಮಡಿಯುಟ್ಟು ಮಾಡಿದ್ದು. ಕೊಬ್ಬರಿಯನ್ನೂ ಅಚ್ಚುಬೆಲ್ಲವನ್ನೂ ಅಕ್ಕಿಕಾಳಿನಷ್ಟು ಸಣ್ಣಗೆ ಹೆಚ್ಚಿ, ತಾರಸಿಯ ಮೇಲೆ ಬಿಳಿ ಪಂಚೆ ಹಾಸಿ ನಾಲ್ಕು ದಿನ ಒಣಗಿಸಿದ್ದರು. ಪಾರಿವಾಳ ಬಾರದಂತೆ ಕೋಲು ಹಿಡಿದು ಕೂತಿದ್ದರು ಕೂಡ. ಮಧ್ಯಾಹ್ನ ಸೀರಿಯಲ್ ಹೊತ್ತಿಗೆ ಮಾತ್ರ ಕೆಳಗೆ ಬರುತ್ತಿದ್ದರು. ಪಾರಿವಾಳದ ಹಿಕ್ಕೆಯಲ್ಲಿ ಏನೇನಿರುತ್ತದೆ ಎಂದು ಊರಿಗೆಲ್ಲ ಭಾಷಣ ಮಾಡುವ ನನಗೆ ನಮ್ಮ ತಾರಸಿಯ ಪಾರಿವಾಳ ಕಾಣಲಿಲ್ಲ. ನಮ್ಮ ಮನೆಯದಲ್ಲವೇ? ಮಡಿ!

ಹಬ್ಬದ ದಿನ ಮೂವತ್ತು ಮನೆಗೆ ಎಳ್ಳು ಬೀರಿದೆ. ಮಾರನೇ ದಿನ ಲ್ಯಾಬಿನಲ್ಲೂ ಹಂಚಿದೆ. ನಮ್ಮ ಜೂನಿಯರ್ ಸುರಭಿ ಅಲ್ಲೇ ಬಿಚ್ಚಿ ಬಾಯಿಗೆ ಹಾಕಿಕೊಂಡು, “ಸಖತ್ತಾಗಿದೆ ಮೇಡಂ” ಎಂದಳು. ಮುನಿಲಕ್ಷ್ಮಮ್ಮ ಎರಡೂ ಕೈಯಲ್ಲಿ ಇಸಕೊಂಡು, ಕಣ್ಣಿಗೊತ್ತಿಕೊಂಡು, ಬ್ಯಾಗಿನೊಳಗೆ ಇಟ್ಟುಬಿಟ್ಟಳು. ಒಂದು ಕಾಳೂ ಬಾಯಿಗೆ ಹಾಕಲಿಲ್ಲ. ‘ಓಹೋ, ನಮ್ಮ ಮನೆಯದು ಇವಳ ನಾಲಿಗೆಗೆ ತಾಗಬಾರದೋ’ ಎಂದು ನನಗೆ ಮೈಯೆಲ್ಲ ಉರಿಯಿತು.

ಹಬ್ಬದಿಂದ ನಾಲ್ಕನೇ ದಿನ ಪ್ಲೇಟುಗಳ ಫಲ ನೋಡಬೇಕಿತ್ತು. ಅವತ್ತೇ ಹನ್ನೊಂದು ಗಂಟೆಗೆ ಮ್ಯಾನೇಜ್‌ಮೆಂಟಿನವರ ಮುಂದೆ ನನ್ನ ಇಂಟರ್‌ವ್ಯೂ. ಪ್ಲೇಟುಗಳು ಸಂಜೆಯವರೆಗೆ ಬೆಚ್ಚಗಿರಬೇಕು, ಇಲ್ಲದಿದ್ದರೆ ಕಪ್ಪು ಬೊಟ್ಟು ಪೂರ್ತಿ ಮೂಡುವುದಿಲ್ಲ. ಕಾಲೇಜು ಹುಡುಗರಿಗೂ ಗೊತ್ತಿರುವ ವಿಷಯ. ಆದರೂ ಬೆಳಗ್ಗೆ ಒಂಬತ್ತಕ್ಕೇ ತೆಗೆದು ನೋಡಿದೆ. ಅಂಗಡಿಯ ಸ್ಯಾಂಪಲ್ಲುಗಳಲ್ಲಿ ಎರಡರಲ್ಲಿ ಆಗಲೇ ಕಪ್ಪು ಕಂಡಿತು. ನಮ್ಮದರಲ್ಲಿ ಬರೀ ತಿಳಿಗೆಂಪು ಚುಕ್ಕೆಗಳಿದ್ದವು. ನನಗೆ ಬೇಕಾಗಿದ್ದೂ ಅದೇ.

ಚಕ್ರಪಾಣಿ ಸರ್ ಎಂದಿನಂತೆ ಕನ್ನಡಕ ಇಳಿಸಿದರು. “ಮುನಿಲಕ್ಷ್ಮಮ್ಮಂಗೆ ತೋರಿಸಿದ್ರಾ?”

“ತೋರಿಸಿದೆ ಸರ್” ಎಂದೆ. ಸುಳ್ಳು. ಕಪ್ಪು ಕಂಡ ಎರಡನ್ನು ಎತ್ತಿಟ್ಟುಕೊಂಡು ಉಳಿದವನ್ನು ನನ್ನ ಕೈಯಾರೆ ಕಸದ ಡಬ್ಬಿಗೆ ಹಾಕಿ ಮುಚ್ಚಿದೆ. ಈ ಒಂದು ಕೆಲಸವಾದರೂ ಆಕೆಯ ಕಣ್ಣು ತಾಗದೆ ನನ್ನದಾಗಿರಲಿ ಎಂದು. ಇಂಟರ್‌ವ್ಯೂನಲ್ಲಿ, “ಅಂಗಡಿಯದು ನಂಬೋ ಹಾಗಿಲ್ಲ, ಸಂಪ್ರದಾಯದಂತೆ ಮನೆಯಲ್ಲಿ ಮಾಡಿದ್ದು ಪರಿಶುದ್ಧ” ಎಂದು ಎದೆಯುಬ್ಬಿಸಿ ಹೇಳಿದೆ. ಅವರು ತಲೆದೂಗಿದರು. ಸಂಜೆಯೇ ಸುದ್ದಿ ಬಂತು, ಕುರ್ಚಿ ನನ್ನದೇ.

ಮರುದಿನ ಬೆಳಗ್ಗೆ ಮುನಿಲಕ್ಷ್ಮಮ್ಮ ಒಂದು ಪ್ಲೇಟು ಹಿಡಿದು ನನ್ನ ಮೇಜಿನ ಮುಂದೆ ನಿಂತಳು. “ಮೇಡಂ, ನಲವತ್ತೊಂದು ಒಸಿ ನೋಡ್ತೀರಾ? ಡಬ್ಬೀಲಿತ್ತು.”

ಕಪ್ಪು ಬೊಟ್ಟುಗಳು ಒಂದಲ್ಲ, ಹತ್ತಾರು. ರಾತ್ರಿ ಕಳೆಯುವಷ್ಟರಲ್ಲಿ ಡಬ್ಬಿಯೊಳಗೇ ನಿಧಾನವಾಗಿ ಮೂಡಿದ್ದವು. ಆ ನಂಬರು ಯಾರದೆಂದು ಆಕೆಗೆ ಗೊತ್ತಿರಲಿಲ್ಲ. ಪಟ್ಟಿ ಇದ್ದದ್ದು ನನ್ನ ಬಳಿ ಮಾತ್ರ.

“ಹಳೇ ಪ್ಲೇಟು ಮುನಿಲಕ್ಷ್ಮಮ್ಮ. ಏನೋ ಸೇರಿಕೊಂಡಿರುತ್ತೆ. ಬೇಯಿಸಿಬಿಡಿ.”

“ಬೇಯಿಸ್ಬಿಡ್ಲಾ?”

“ಹೇಳಿದ್ನಲ್ಲಾ! ಒಂದ್ಸಲ ಹೇಳಿದ್ರೆ ಅರ್ಥ ಆಗಲ್ವಾ?”

“ಸರಿ ಮೇಡಂ” ಎಂದು ಆಕೆ ಹೋದಳು. ಮೀಡಿಯಾ ರೂಮಿನಲ್ಲಿ ಕುಕ್ಕರಿನ ಮುಚ್ಚಳ ಬಿಗಿಯುವ ಸದ್ದು ಕೇಳಿಸಿತು. ಕಾಲು ಗಂಟೆ ಉಗಿಯಲ್ಲಿ ಬೆಂದರೆ ನಲವತ್ತೊಂದು ಎಂಬುದೇ ಇರುವುದಿಲ್ಲ. ಯಾರಿಗೂ ಏನೂ ಗೊತ್ತಾಗುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

ಅಷ್ಟರಲ್ಲಿ ಸುರಭಿ ಬಂದಳು. ಎರಡು ದಿನದಿಂದ ರಜದಲ್ಲಿದ್ದವಳು, ಮುಖ ಬಿಳಿಚಿಕೊಂಡಿತ್ತು. “ಭೇದಿ, ಜ್ವರ ಮೇಡಂ. ಡ್ರಿಪ್ ಹಾಕ್ಬೇಕಾಯ್ತು.”

“ಎಲ್ಲೋ ಪಾನಿಪುರಿ ತಿಂದಿರ್ತೀಯಾ” ಎಂದೆ. ನನ್ನ ಧ್ವನಿ ನನಗೇ ಕರ್ಕಶವಾಗಿ ಕೇಳಿಸಿತು.

“ಅಯ್ಯೋ ಇಲ್ಲ ಮೇಡಂ. ಹಬ್ಬ ಅಂತ ಎಲ್ಲಾ ಮನೇದೇ. ಹೊರಗಿಂದು ಅಂದ್ರೆ ನೀವು ಕೊಟ್ಟ ಎಳ್ಳುಬೆಲ್ಲ ಒಂದೇ.” ಆ ಹುಡುಗಿಗೆ ಒಂದಿಷ್ಟೂ ಅನುಮಾನವಿರಲಿಲ್ಲ. ಅಷ್ಟು ನಂಬಿಕೆಯಿಂದ ಹೇಳಿದಳು.

ಮಾಡಿದ್ದುಣ್ಣೋ ಮಹರಾಯ ಎನ್ನುತ್ತಾರೆ. ಇಲ್ಲಿ ಮಾಡಿದವಳು ನಾನು, ಉಂಡವರು ಊರವರು. ಮೂವತ್ತು ಮನೆ! ಅದರಲ್ಲಿ ಎಷ್ಟು ಮಕ್ಕಳು, ಎಷ್ಟು ಮುದುಕರು? ಎದ್ದು ಮೀಡಿಯಾ ರೂಮಿಗೆ ಓಡಿದೆ. ಕುಕ್ಕರ್ ಬುಸುಗುಡುತ್ತಿತ್ತು. ಒತ್ತಡ ತೋರಿಸುವ ಮುಳ್ಳು ಮೇಲೇರಿತ್ತು. ಈಗ ಮುಚ್ಚಳ ತೆಗೆಯುವ ಹಾಗೇ ಇಲ್ಲ.

“ನಲವತ್ತೊಂದು?” ಎಂದು ಕಿರುಚಿದೆ. “ಹಾಕಿಬಿಟ್ರಾ?”

ಟ್ಯೂಬು ತೊಳೆಯುತ್ತಿದ್ದ ಮುನಿಲಕ್ಷ್ಮಮ್ಮ ಒದ್ದೆ ಕೈಯಿಂದ ಫ್ರಿಜ್ಜಿನ ಕಡೆ ತೋರಿಸಿದಳು. “ಎರಡನೇ ಶೆಲ್ಫಲ್ಲಿಟ್ಟಿವ್ನಿ. ನೀವು ಬೇಯಿಸಿ ಅನ್ನುವಾಗ ನನ್ನ ಮಕ ನೋಡ್ಲಿಲ್ಲ. ಆಮೇಲೆ ಬೇಕು ಅಂತೀರೇನೋ ಅಂತ.”

ನಾನು ಅಲ್ಲೇ ಸ್ಟೂಲಿನ ಮೇಲೆ ಕೂತೆ. “ಅದು ನಮ್ಮ ಮನೇದು ಮುನಿಲಕ್ಷ್ಮಮ್ಮ. ಎಲ್ಲರಿಗೂ ಹಂಚಿದ್ನಲ್ಲ, ಅದೇ.”

ಆಕೆ ನಲ್ಲಿ ನಿಲ್ಲಿಸಿದಳು. ಕೈ ಒರೆಸಿಕೊಂಡು ಗೋಡೆಗೆ ನೇತುಹಾಕಿದ್ದ ಬ್ಯಾಗಿನಿಂದ ನನ್ನ ಪೊಟ್ಟಣ ತೆಗೆದಳು. ಕಟ್ಟಿದ ದಾರ ಕಟ್ಟಿದಂತೇ ಇತ್ತು. ಪ್ಲಾಸ್ಟಿಕ್ಕಿನೊಳಗೆ ಕಾಣುತ್ತಿದ್ದ ಸಕ್ಕರೆ ಅಚ್ಚಿನ ಗಿಳಿ ಕೂಡ ಮುರಿದಿರಲಿಲ್ಲ.

“ನಮ್ಮ ದಿನೇಶನ ಮಗಳು ಅರ್ಪಿತಂಗೆ ಅಂತ ಮಡಗಿದ್ದೆ” ಎಂದಳು. “ಹಬ್ಬಕ್ಕೆ ಅವರಮ್ಮನ ಊರಿಗೆ ಹೋಗವ್ಳೆ, ಇವತ್ತು ಸಾಯಂಕಾಲ ಬತ್ತಾಳೆ. ಆ ಬೀಗರೂಟ ಆದ್ಮೇಲೆ ಮಗೀಗೆ ನನ್ನ ಕೈಯಾರೆ ಏನು ಕೊಡೋಕೂ ಭಯ ನಂಗೆ. ನಿಮ್ಮನೇದಾದ್ರೆ ಕ್ಲೀನಾಗಿರ್ತದೆ ಅಂದ್ಕಂಡೆ.”

ಪೊಟ್ಟಣವನ್ನು ಬೇಯಿಸುವ ಪ್ಲೇಟುಗಳ ಟ್ರೇಯಲ್ಲಿಟ್ಟಳು. ಒಂಬತ್ತು ವರ್ಷ ಯಾರನ್ನು ನೋಡಿ ಕರುಬಿದೆನೋ ಅವಳು ಲೋಕದಲ್ಲಿ ನಂಬಿದ್ದು ನನ್ನ ಮನೆಯ ತಿಂಡಿಯನ್ನು. ನನಗೆ ಅಳು ಬಂತು.

“ನನ್ನ ಕೈಯಿಂದಲೇ ಆಯ್ತಾ?” ಎಂದು ಕೇಳಿದೆ.

“ಹೂಂ ಮೇಡಂ” ಎಂದಳು ಆಕೆ. ಅದರಲ್ಲಿ ಸೇಡು ಇರಲಿಲ್ಲ, ಸಮಾಧಾನವೂ ಇರಲಿಲ್ಲ.

“ಪಕ್ಕಾ ಆಗೋಕೆ ಇನ್ನೂ ಎರಡು ದಿನದ ಟೆಸ್ಟ್ ಇದೆ...”

“ಟೆಸ್ಟಿಗೆ ಎರಡು ದಿನ ಬೇಕು. ತಿನ್ನಕ್ಕೆ ಎರಡು ನಿಮಿಷ ಸಾಕಲ್ವಾ?”

ಚಕ್ರಪಾಣಿ ಸರ್ ಕೋಣೆಗೆ ಹೋಗಿ ಎಲ್ಲವನ್ನೂ ಹೇಳಿದೆ, ಸುಳ್ಳು ಹೇಳಿದ್ದನ್ನೂ ಸೇರಿಸಿ. ಅವರು ಪ್ಲೇಟು ನೋಡಿದರು, ನನ್ನನ್ನು ನೋಡಿದರು. ಅಭ್ಯಾಸಬಲದಿಂದ ಕನ್ನಡಕ ಇಳಿಸಿ, “ಮುನಿಲಕ್ಷ್ಮಮ್ಮಂಗೆ...” ಎಂದು ಶುರುಮಾಡಿದರು.

“ಅವರೇ ಸರ್ ನನಗೆ ತೋರಿಸಿದ್ದು” ಎಂದೆ. ಕುರ್ಚಿಯ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅದು ಹೋಯಿತೆಂದು ಇಬ್ಬರಿಗೂ ಗೊತ್ತಿತ್ತು.

ಹೊರಗೆ ಬಂದು, ಎಳ್ಳು ಬೀರಿದ ಮನೆಗಳ ಪಟ್ಟಿ ಬರೆದು ಫೋನು ಕೈಗೆತ್ತಿಕೊಂಡೆ. ಮುನಿಲಕ್ಷ್ಮಮ್ಮ ಏಪ್ರನ್ ಬಿಚ್ಚಿ ಹೆಲ್ಮೆಟ್ ಹಿಡಿದು ನಿಂತಿದ್ದಳು.

“ಫೋನಲ್ಲಿ ಹೇಳುದ್ರೆ ಹೂಂ ಅಂದ್ಬುಟ್ಟು ತಿಂತಾರೆ ಮೇಡಂ. ನಿಮ್ಮನೇದು ಅಂದ್ರೆ ಯಾರು ಬಿಸಾಕ್ತಾರೆ? ಎದುರಿಗೆ ನಿಂತು ಹೇಳ್ಬೇಕು, ವಾಪಸ್ ಇಸ್ಕಂಬೇಕು. ಬನ್ನಿ, ಗಾಡಿ ಐತೆ.”

ಸ್ಕೂಟಿಯ ಹಿಂದೆ ಕೂತೆ. ಸಾರಕ್ಕಿ ಸಿಗ್ನಲ್ಲಿನಲ್ಲಿ ನಿಂತಾಗ ನನ್ನ ಮುಂದಿದ್ದ ಆ ಅಗಲವಾದ ಬೆನ್ನನ್ನು ನೋಡುತ್ತಾ ಮತ್ತೆ ಹೊಟ್ಟೆಕಿಚ್ಚಾಯಿತು. ಅಂದು ಈಕೆ ಒಬ್ಬಳೇ ನಡೆದು ಹೋಗಿದ್ದಳಲ್ಲ, ಜೊತೆಗೆ ಯಾರೂ ಇರಲಿಲ್ಲವಲ್ಲ, ಆ ಎದೆಗಾರಿಕೆ ನನಗೇಕಿಲ್ಲ ಎಂದು.

ಮೊದಲನೆಯದು ನಮ್ಮ ಬೀದಿಯದೇ ಮನೆ. ಒಳಗೆ ಮಕ್ಕಳ ಗಲಾಟೆ ಕೇಳುತ್ತಿತ್ತು. ನನ್ನ ಕೈ ಮೇಲೇಳಲಿಲ್ಲ. ಬೆಲ್ಲನ್ನು ಮುನಿಲಕ್ಷ್ಮಮ್ಮನೇ ಒತ್ತಿದಳು. ಚಿಲಕ ತೆಗೆಯುವ ಸದ್ದಾದಾಗ ಒಂದು ಹೆಜ್ಜೆ ಹಿಂದೆ ಸರಿದು, ನನ್ನನ್ನು ಬಾಗಿಲ ಮುಂದೆ ಬಿಟ್ಟು ನಿಂತಳು.