ಬಿಸಿಲಿಗೆ ನಿಲ್ಲಿಸಿದ ಗಾಡಿ

ಕನ್ಹಾನ್ ರಸ್ತೆಯ ಕಾರು ಪೇಂಟರ್ ಬಸವಂತ ಕಾಶಿಬಾಯಿಗೆ ಮೊದಲು ಎದುರಾದದ್ದು ಅವಳ ಬಾಗಿಲಲ್ಲೇ. "ಕಾಕೂ, ಹಳೇ ಧೋತರ ಇದ್ರ ಕೊಡ್ರಿ, ಗಾಡಿ ಒರಸಾಕ" ಅಂದ. ತೀರಿಹೋದ ಗಂಡನ ಧೋತರ ಹರಿದು ಕೊಟ್ಟವಳು, ಏನು ಮಾಡುತ್ತಾನೋ ನೋಡೋಣವೆಂದು ಅವನ ಶೆಡ್ಡಿನ ಮುಂದೆ ಕೂತಳು. ಒಂಬತ್ತು ವರ್ಷವಾದರೂ ಆ ಜಾಗ ಬಿಟ್ಟಿಲ್ಲ. ಡೆಂಟು ಬಿದ್ದ ಕಾರು ಬಂದರೆ ಬಸವಂತ ಅದನ್ನು ನಾಗಪುರದ ಬಿಸಿಲಿಗೆ ನಿಲ್ಲಿಸಿ, ಎತ್ತು ಕೊಳ್ಳಲು ಬಂದವನ ಹಾಗೆ ಮೂರು ಸುತ್ತು ಹಾಕಿ ಅದರ ಬಣ್ಣ ಯಾವ ಬಗೆಯದೆಂದು ನೋಡುತ್ತಾನೆ. ಎಲ್ಲಿಂದ ನೋಡಿದರೂ ಒಂದೇ ಬಣ್ಣವಿದ್ದರೆ ಸಾದಾ. ಒಳಗೆ ಸಕ್ಕರೆ ಚೆಲ್ಲಿದಂತೆ ಮಿನುಗಿದರೆ ಮೆಟಾಲಿಕ್. ಪಾರಿವಾಳದ ಕೊರಳಿನಂತೆ ಬಣ್ಣ ಬದಲಿಸಿದರೆ ಪರ್ಲ್. ಪಾಲಿಶ್ ಹಚ್ಚಿ ತಿಕ್ಕಿದಾಗ ಧೋತರಕ್ಕೆ ಬಣ್ಣ ಹತ್ತಿದರೆ, ಮೇಲೆ ಕ್ಲಿಯರ್ ಕೋಟ್ ಎಂಬ ಗಾಜಿನಂಥ ಪದರ ಇಲ್ಲ ಅಂತಲೇ ಅರ್ಥ. ಗಿರಾಕಿ ಯಾರಾದರೂ "ಕಂಪನಿ ಕಲರ್ ಕೋಡ್ ನೋಡಪ್ಪಾ" ಅಂದರೆ, "ಅದು ಹುಟ್ಟಿದಾಗಿನ ಜಾತಕರೀ, ಆಮ್ಯಾಲ ಎಷ್ಟು ಸಲ ಬಳದಾರ ಅಂತ ಅದಕ್ಕೇನ್ ಗೊತ್ತು!" ಅನ್ನುತ್ತಾನೆ. ತಪ್ಪು ಬಣ್ಣ ಬಳಿದರೆ ಕಾರಿನ ಬಾಗಿಲು ತೇಪೆಯಂತೆ ಎದ್ದು ಕಾಣುತ್ತದೆ. ಇಷ್ಟು ವರ್ಷ ಅವನ ಕೈಯಲ್ಲಿ ಒಂದೂ ಹಾಗೆ ಕಂಡಿರಲಿಲ್ಲ. ಮೊನ್ನೆ ಒಂದು ಕಂಡಿತು. ಕಾಶಿಬಾಯಿ ಅದನ್ನು ಕೂತಲ್ಲಿಂದಲೇ ಗುರುತಿಸಿದಳು. ನಿನ್ನೆ ಬೂದು ಬಣ್ಣದ ಕಾರೊಂದಕ್ಕೆ ಅವನು ಆರು ಸುತ್ತು ಹಾಕಿದ, ಗಿರಾಕಿ ಚಹಾಕ್ಕೆ ಹೋಗಲೆಂದು ಕಾದ, ಆಮೇಲೆ ಅವಳ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ನಕ್ಕ: "ಕಾಕೂ, ನನ್ನ ಕಣ್ಣಿಗೆ ಪೊರೆ ಬಂದೈತ್ರಿ. ಆಪರೇಶನ್ ಆಗೋತನಕ ಗಾಡಿ ನೀವ್ ನೋಡಿ ಹೇಳ್ತೀರೇನ್ರಿ?"