ಸುಣ್ಣ ಕೇಳಿದರೆ ಶರಣವ್ವನಿಗೆ ದಿಗಿಲು

ಬೆಳಗಿನ ಆರೂವರೆ. ಮುಂಬಯಿಯ ಮುಲುಂಡ್‌ನ ಆಸ್ಪತ್ರೆಯೊಂದರ ಸರ್ಜಿಕಲ್ ವಾರ್ಡಿನಲ್ಲಿ ಶರಣವ್ವ ಕಸ ಎತ್ತುತ್ತಿದ್ದಾರೆ. ರಕ್ತದ ಹತ್ತಿ, ಬ್ಯಾಂಡೇಜು ತುಂಬಿದ ಹಳದಿ ಚೀಲದ ಬಾಯನ್ನು ಬಿಗಿಯಾಗಿ ಹಿಡಿದು, ಕಾಲಿಗೆ ತಾಗದಂತೆ ದೂರವಿಟ್ಟು ಒಯ್ಯುತ್ತಾರೆ. ಸೂಜಿಗೆ ಬೇರೆಯೇ ಡಬ್ಬಿಯಿದೆ. ಆದರೂ ಅವಸರದಲ್ಲಿ ಯಾರೋ ಹತ್ತಿಯ ಜೊತೆ ಎಸೆದ ಸೂಜಿ ಚೀಲದೊಳಗೆ ಅಡಗಿರುತ್ತದೆ. “ಚೀಲ ತುಂಬೇತಂತ ಕೈಲೆ ಒತ್ತಿದ್ರಂದ್ರ ಮುಗೀತ್ರಿ,” ಎನ್ನುತ್ತಾರೆ.

ವಿಜಯಪುರದ ಕಡೆಯ ಶರಣವ್ವ ಗಂಡ ತೀರಿಕೊಂಡ ಮೇಲೆ ಈ ಕೆಲಸ ಹಿಡಿದವರು. ಇಪ್ಪತ್ತು ವರ್ಷ ದಾಟಿದೆ. ಇಡೀ ವಾರ್ಡಿಗೆ ಅವರು ‘ಮಾವ್ಶಿ’, ಮರಾಠಿಯಲ್ಲಿ ಚಿಕ್ಕಮ್ಮ. ಎಲೆ-ಅಡಿಕೆಯ ಚಟವೊಂದು ಬಿಟ್ಟರೆ ಅವರನ್ನು ಬೈಯಲು ಏನೂ ಸಿಗದು. ಅದನ್ನೂ ಗೇಟಿನ ಹೊರಗೇ ತೀರಿಸಿಕೊಳ್ಳುತ್ತಾರೆ. ಸುಣ್ಣದ ಡಬ್ಬಿ ಮಾತ್ರ ಸದಾ ಸೊಂಟದಲ್ಲಿ.

ಗುತ್ತಿಗೆ ಕೆಲಸಗಾರರಲ್ಲಿ ಒಂದು ಕೆಟ್ಟ ರೂಢಿಯಿದೆ. ಸೂಜಿ ಚುಚ್ಚಿದರೆ ಗಾಯಕ್ಕೆ ಸುಣ್ಣ ಹಚ್ಚಿ ಸುಮ್ಮನಾಗುತ್ತಾರೆ. ಹೇಳಿದರೆ ಕಾಂಟ್ರಾಕ್ಟರ್ ‘ನಿನ್ನದೇ ತಪ್ಪು’ ಎಂದು ಮನೆಗೆ ಕಳಿಸಿಯಾನೆಂಬ ಭಯ. ಎಚ್‌ಐವಿ ತಗುಲಿದ್ದರೆ ಎಂಬ ಭಯವನ್ನಂತೂ ಯಾರೂ ಬಾಯಿಬಿಟ್ಟು ಆಡುವುದಿಲ್ಲ. ಹಾಗಾಗಿ ಎಲೆ ಹಾಕದವರು ಬಂದು ಸುಣ್ಣ ಕೇಳಿದರೆ ಶರಣವ್ವನ ಎದೆ ಧಸಕ್ಕೆನ್ನುತ್ತದೆ. ತಾವಿಲ್ಲದಾಗ ಯಾರಾದರೂ ಹೀಗೆ ಮುಚ್ಚಿಟ್ಟಾರೆಂದು ಅವರು ರಜೆಯನ್ನೂ ಹಾಕುತ್ತಿರಲಿಲ್ಲ.

ಕಳೆದ ಬೇಸಿಗೆಯಲ್ಲಿ ಹಾಗೆ ಕೇಳಿದವಳು ಮಾಧುರಿ. ಆಗಷ್ಟೇ ಕೆಲಸಕ್ಕೆ ಸೇರಿದ್ದಳು, ಮನೆಯಲ್ಲಿ ನಾಲ್ಕು ವರ್ಷದ ಮಗಳು. ಶರಣವ್ವ ಅವಳ ಕೈಗವಸು ಕಳಚಿದರು. ಬೆರಳಲ್ಲಿ ರಕ್ತ. ನಲ್ಲಿಯ ಕೆಳಗೆ ಸೋಪು ಹಾಕಿ ತೊಳೆಸಿ, ಬೇಡ ಬೇಡವೆಂದು ಅಳುತ್ತಿದ್ದವಳನ್ನು ಕ್ಯಾಶುವಾಲ್ಟಿಗೆ ಎಳೆದುಕೊಂಡೇ ಹೋದರು.

“ನೌಕರಿ ಹೋದ್ರ ಇನ್ನೊಂದು ಹುಡುಕೂಣು. ಗುಳಿಗಿ ತಗೊಳ್ಳೂ ಹೊತ್ತು ಮೀರಿದ್ರ ಅದನ್ನ ಎಲ್ಲಿ ಹುಡುಕ್ತಿ?”

ಡಾಕ್ಟರು ಎಚ್‌ಐವಿ ತಗುಲದಂತೆ ತಡೆಯುವ ಗುಳಿಗೆಯನ್ನು ತಕ್ಷಣ ಶುರು ಮಾಡಿದರು. ಸೂಪರ್‌ವೈಸರ್ ಗದರಿದಾಗ, ಹತ್ತಿಯೊಳಗೆ ಸೂಜಿ ಹಾಕಿದವರನ್ನು ಮೊದಲು ಕೇಳಿ ಎಂದು ಶರಣವ್ವ ಅಡ್ಡ ನಿಂತರು. ಕೆಲಸ ಉಳಿಯಿತು. ಭಯ ಹೋಗಲಿಲ್ಲ. ಮುಟ್ಟಿದರೆ, ಉಣಿಸಿದರೆ ಏನೂ ಅಂಟುವುದಿಲ್ಲ ಎಂದು ಡಾಕ್ಟರು ಎಷ್ಟು ಹೇಳಿದರೂ ಮಾಧುರಿ ಮಗಳಿಗೆ ಕೈತುತ್ತು ಕೊಡುವುದನ್ನೇ ಬಿಟ್ಟಳು.

ಹೋದ ತಿಂಗಳು ಕೊನೆಯ ರಕ್ತಪರೀಕ್ಷೆಯ ವರದಿ ಬಂತು. “ಮಾವ್ಶಿ, ಕುಛ್ ನಹೀ ಹೈ. ಎಲ್ಲ ಕ್ಲಿಯರ್,” ಎಂದು ಮಾಧುರಿ ಮೆಟ್ಟಿಲ ಮೇಲೇ ಕೂತು ಅತ್ತಳಂತೆ. ಅವಳಿಗಿಂತ ಹೆಚ್ಚು ಅತ್ತದ್ದು ತಾವೇ ಎಂದು ಶರಣವ್ವ ನಾಚಿಕೊಳ್ಳದೆ ಹೇಳುತ್ತಾರೆ. ಮಗಳಿಗೆ ಉಣಿಸು ಹೋಗು ಎಂದು ಅವಳನ್ನು ಆಗಲೇ ಮನೆಗೆ ಅಟ್ಟಿ, ಅವಳ ಪಾಲಿನ ಕೆಲಸವನ್ನೂ ತಾವೇ ಮಾಡಿದರು.

ಈ ಸೋಮವಾರ ಜೊತೆಗಾರ್ತಿ ವಾರಿಜಾಳಿಗೆ ಸೂಜಿ ಚುಚ್ಚಿತು. ಅವಳ ಕೈ ತೊಳೆಸಿ ಕ್ಯಾಶುವಾಲ್ಟಿಗೆ ಕರೆದೊಯ್ದವಳು ಮಾಧುರಿ. ಶರಣವ್ವನಿಗೆ ಸುದ್ದಿ ಮುಟ್ಟಿದ್ದು ಎಲ್ಲ ಮುಗಿದ ಮೇಲೆ.

“ನನಗೊಂದ್ ಮಾತ್ ಹೇಳ್ಲಿಲ್ಲ ನೋಡ್ರಿ,” ಎಂದು ದೂರುವ ಅವರ ಮುಖದ ತುಂಬ ನಗು. “ಇನ್ನರ ನಾ ರಜಾ ಹಾಕಿ ತಂಗೀ ಮನಿಗೆ ಹೋಗ್ಬಹುದ್ರಿ. ಎಂಟ್ ದಿನಾ ಕುಂತು ಉಂಡು ಬರ್ತೀನಿ.”