ಐದು ಸಲ ಕೊನೆಯ ಎಣ್ಣೆ

ನನ್ನ ಅಮ್ಮನ ಅಕ್ಕ ಪಾವ್ಲಿನ್ ಬಾಯಿ, ನನಗೆ ಮಾವ್ಶಿ. ಸಾಯುವವರಿಗೆ ಪಾದ್ರಿಗಳು ಹಚ್ಚುವ ಪವಿತ್ರ ತೈಲವನ್ನು ಐದು ಸಲ ಹಚ್ಚಿಸಿಕೊಂಡು, ಐದು ಸಲವೂ ಎದ್ದು ಕೂತವರು. ಬೆಳ್ತಂಗಡಿ ಕಡೆಯ ನಮ್ಮ ಇಗರ್ಜಿಯಲ್ಲಿ ಅಂಥವರು ಇನ್ನೊಬ್ಬರಿರಲಿಲ್ಲ.

ಅವರ ಗಂಡ ಸಾಲ್ವದೊರ್ 1974ರಲ್ಲಿ ತೆಂಗಿನ ಮರದಿಂದ ಬಿದ್ದರು. ಪಾದ್ರಿಗಳು ಎಣ್ಣೆ ಹಿಡಿದುಕೊಂಡು ಓಡಿ ಬರುವಷ್ಟರಲ್ಲಿ ಜೀವ ಹೋಗಿತ್ತು. ಎಣ್ಣೆ ಇಲ್ಲದೆ ಹೋದವರನ್ನು ದೇವರು ಹತ್ತಿರ ಸೇರಿಸುತ್ತಾರೋ ಇಲ್ಲವೋ ಎಂಬ ಹೆದರಿಕೆ ಅಂದೇ ಮಾವ್ಶಿಯೊಳಗೆ ಹೊಕ್ಕಿತು. ಮಕ್ಕಳಿಲ್ಲದ ಅವರು ನನ್ನನ್ನು ಸಾಕಿದರು. ಬೀಡಿ ಕಟ್ಟಿ ಕಟ್ಟಿ ಎದೆಗೆ ದಮ್ಮು ಹಿಡಿಯಿತು. ಉಸಿರು ಸಿಕ್ಕಿಕೊಂಡಾಗಲೆಲ್ಲ ಅವರು ಮೊದಲು ಕೇಳುತ್ತಿದ್ದದ್ದು ಡಾಕ್ಟರನ್ನಲ್ಲ, ಪಾದ್ರಿಗಳನ್ನು.

ಪಕ್ಕದ ಮನೆಯ ಧರ್ಣಪ್ಪಣ್ಣ ಸೈಕಲ್ ಹತ್ತುತ್ತಿದ್ದರು. ಪಾದ್ರಿಗಳು ಬಂದು ಹಣೆಗೂ ಅಂಗೈಗೂ ತೈಲ ಹಚ್ಚುತ್ತಿದ್ದರು. ನಾವು ಮೊಣಕಾಲೂರಿ ಅಳುತ್ತಿದ್ದೆವು. ಮಾರನೆಯ ದಿನ ಮಾವ್ಶಿ ಗಂಜಿ ಕೇಳುತ್ತಿದ್ದರು, ಮೂರನೆಯ ದಿನ ಬೀಡಿ ಕಟ್ಟಲು ಕೂರುತ್ತಿದ್ದರು. ಹಾಗೆ ಎದ್ದಾಗಲೆಲ್ಲ ಪಾಯಸ ಮಾಡಿ ಹಂಚಿ ದೇವರನ್ನು ಹೊಗಳಿದ್ದೇ ಹೊಗಳಿದ್ದು.

“ಬಾಯಮ್ಮ, ನಿಮಗೆ ಇನ್ನೊಮ್ಮೆ ಯಾವಾಗ ದಮ್ಮು ಬರ್ತದೆ ಅಂತ ನಮ್ಮ ಮಕ್ಕಳು ಕಾಯ್ತಾ ಇದ್ದಾರೆ ಮಾರಾಯ್ರೆ,” ಎಂದು ಧರ್ಣಪ್ಪಣ್ಣ ತಮಾಷೆ ಮಾಡಿದರೆ ಮಾವ್ಶಿಯೇ ಮೊದಲು ನಗುತ್ತಿದ್ದರು.

ನನಗೆ ಮಾತ್ರ ಸಿಟ್ಟು. ಇಷ್ಟು ನರಳಿಸುವ ದೇವರಿಗೆ ಪಾಯಸ ಬೇರೆ ಕೇಡು! ಒಂದು ದಿನ ಮಾವ್ಶಿಗೆ ಹೇಳಿಯೂ ಬಿಟ್ಟೆ.

“ನಿನಗೆ ಉಸಿರು ಸುಮ್ಮನೆ ಬರ್ತದೆ, ಹಾಗಾಗಿ ಗೊತ್ತಾಗುವುದಿಲ್ಲ,” ಎಂದರು. “ಒಂದೊಂದನ್ನೂ ದೇವರೇ ಕೊಡುವುದು ಅಂತ ನನಗೆ ಗೊತ್ತುಂಟು.”

1986ರ ಒಂದು ಮಧ್ಯಾಹ್ನ ಆರನೆಯ ಸಲ ಉಸಿರು ಕಟ್ಟಿತು. ಸೈಕಲ್ಲಿನಲ್ಲಿ ಹೋದ ಧರ್ಣಪ್ಪಣ್ಣ ಒಬ್ಬರೇ ವಾಪಸು ಬಂದರು. ಸುತ್ತಲಿನ ಪಾದ್ರಿಗಳೆಲ್ಲ ಸಭೆಗೆಂದು ಮಂಗಳೂರಿಗೆ ಹೋಗಿದ್ದರಂತೆ. ನಾನು ಬಾಗಿಲಿಗೂ ಮಾವ್ಶಿಯ ಮಂಚಕ್ಕೂ ಓಡಾಡಿದೆ. ಹನ್ನೆರಡು ವರ್ಷ ಮಾವ್ಶಿ ಹೆದರಿದ್ದು ಇದಕ್ಕೇ.

“ಬಸ್ಸಿನಲ್ಲಿ ಮೂಡುಬಿದಿರೆಗೆ ಹೋಗಿ ಯಾರನ್ನಾದ್ರೂ ಕರ್ಕೊಂಡು ಬರ್ತೇನೆ ಬಾಯಮ್ಮ,” ಎಂದು ಧರ್ಣಪ್ಪಣ್ಣ ಹೊರಟು ನಿಂತರು.

“ಬೇಡ ಧರ್ಣಪ್ಪ, ಕೂತ್ಕೊಳ್ಳಿ. ನೀರು ಕುಡೀರಿ.” ಮಾವ್ಶಿ ಒಂದೊಂದೇ ಮಾತಿಗೆ ನಿಂತು ಉಸಿರೆಳೆದುಕೊಂಡರು. “ಐದು ಸಲ ನನ್ನನ್ನು ಎತ್ತಿ ಕೂರಿಸಿದ ದೇವರು ಎಣ್ಣೆ ಇಲ್ಲ ಅಂತ ಈಗ ಬಿಟ್ಟುಹಾಕ್ತಾರಾ? ಸಾಲ್ವದೊರ್‌ನನ್ನೂ ಬಿಟ್ಟಿರ್ಲಿಕ್ಕಿಲ್ಲ. ನಾನು ಸುಮ್ಮನೆ ಹೆದರಿದ್ದು.”

ಆಮೇಲೆ ಧರ್ಣಪ್ಪಣ್ಣನ ಕೈ ಹಿಡಿದು, “ದೇವರು ನಿಮಗೆ ಒಳ್ಳೇದು ಮಾಡ್ಲಿ,” ಎಂದರು. ನನ್ನ ತಲೆ ಸವರಿದರು. ಸಂಜೆಯ ಪ್ರಾರ್ಥನೆಯ ಗಂಟೆಗೆ ಮೊದಲೇ ಹೋದರು.

ಅಂಥವರ ಕೈಯಲ್ಲಿ ಬೆಳೆದೆನಲ್ಲ ಎಂದು ಇಂದಿಗೂ ದೇವರಿಗೆ ಕೈಮುಗಿಯುತ್ತೇನೆ. ಸಿಟ್ಟು ಪೂರ್ತಿ ಇಳಿದಿದೆ ಎಂದು ಹೇಳಲಾರೆ.

ಮರುದಿನ ಬೆಳಿಗ್ಗೆ ಪಾದ್ರಿಗಳು ಓಡೋಡಿ ಬಂದು, “ನಾನಿಲ್ಲ ಅಂತ ತುಂಬ ಹೆದರಿದ್ರಾ?” ಎಂದು ಕೇಳಿದರು.

ಧರ್ಣಪ್ಪಣ್ಣ ಹೇಳಿದರು: “ಬಾಯಮ್ಮ ಹೆದರ್ಲಿಲ್ಲ ಫಾದರ್. ಹೆದರಿದ್ದು ನಾವು.”